ಐನೂರು ಲೋಡು ಹೂಳು, ಒಂದು ಸೋರುವ ತೂಬು

ಬಯಲುಸೀಮೆಯ ಹಲವು ಕೆರೆಗಳ ಏರಿ ಮೇಲೆ ಈಗ ಒಂದು ಬೋರ್ಡು ಕಾಣುತ್ತದೆ. ಇಂಥ ವರ್ಷ, ಇಂಥವರ ಸಹಕಾರದಿಂದ, ಇಷ್ಟು ಲೋಡು ಹೂಳು ತೆಗೆಯಲಾಯಿತು ಎಂದು ಬರೆದಿರುತ್ತದೆ. ಬಣ್ಣ ಮಾಸಿರುತ್ತದೆ, ಬೋರ್ಡಿನ ಬುಡದಲ್ಲೇ ಬಳ್ಳಾರಿ ಜಾಲಿ ಮತ್ತೆ ಎದೆಮಟ್ಟ ಬೆಳೆದಿರುತ್ತದೆ. ಹೂಳೆತ್ತಿದ್ದು ಸುಳ್ಳಲ್ಲ. ಆ ಬೇಸಿಗೆಯಲ್ಲಿ ಊರು ಒಂದಾಗಿದ್ದೂ ಸುಳ್ಳಲ್ಲ. ಮನೆಮನೆಗೆ ಹೋಗಿ ವಂತಿಗೆ ಎತ್ತಿದ್ದಾರೆ, ಹೆಂಗಸರು ಕೆಲಸದವರಿಗೆ ಅಡುಗೆ ಮಾಡಿ ಹಾಕಿದ್ದಾರೆ, ಪೇಟೆಯಲ್ಲಿ ಕೆಲಸಕ್ಕಿರುವ ಹುಡುಗರು ರಜೆ ಹಾಕಿ ಬಂದು ನಿಂತಿದ್ದಾರೆ. ಅಷ್ಟೆಲ್ಲ ಆದ ಮೇಲೂ ನಾಲ್ಕೈದು ವರ್ಷಕ್ಕೆ ಕೆರೆ ಮೊದಲಿನಂತೆಯೇ ಆಗಿಬಿಡುತ್ತದಲ್ಲ, ಯಾಕೆ? ಬೇಸಿಗೆಯಲ್ಲಿ ಐನೂರು ಜನ ಬರುವ ಊರಿನಲ್ಲಿ ಜೂನ್ ತಿಂಗಳಲ್ಲಿ ಕಾಲುವೆಯ ಬಾಯಿ ಬಿಡಿಸಲು ನಾಲ್ಕು ಜನ ಯಾಕೆ ಸಿಗುವುದಿಲ್ಲ? ಈ ಪ್ರಶ್ನೆ ಬಿಡದೆ ಕಾಡುತ್ತದೆ.

ಹಣ ಸಾಲಲಿಲ್ಲ ಎನ್ನುವುದು ಕೈಗೆ ಸಿಗುವ ಉತ್ತರ. ಆದರೆ ಹಣ ಬಂದ ಕೆರೆಗಳೂ ಹೀಗಾಗಿವೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಕೆರೆ ಅಭಿವೃದ್ಧಿ ಕೆಲಸ ಶುರುವಾದಾಗ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದರು. ಕೆರೆಯ ಜವಾಬ್ದಾರಿ ಊರಿನವರಿಗೇ ಇರಬೇಕು ಎಂಬ ಆ ಯೋಚನೆಯಲ್ಲಿ ತಪ್ಪಿರಲಿಲ್ಲ. ಕಾಮಗಾರಿ ಮುಗಿದ ಮೇಲೂ ವಾರಕ್ಕೊಮ್ಮೆ ಏರಿ ಮೇಲೆ ಓಡಾಡುವ ಮೂರು ನಾಲ್ಕು ಜನ ಇದ್ದ ಕಡೆ ಸಂಘ ಜೀವಂತವಾಗಿ ಉಳಿಯಿತು, ಅಂಥವರಿಲ್ಲದ ಕಡೆ ರಬ್ಬರ್ ಸ್ಟ್ಯಾಂಪು ಉಳಿಯಿತು.

ಹಿಂದೆ ಈ ಓಡಾಟ ನೀರುಗಂಟಿಯ ಕೆಲಸವಾಗಿತ್ತು. ಕೆರೆಯ ನೀರನ್ನು ಕಾಲುವೆಗೆ ಬಿಡುವ ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ, ಅಂದರೆ ಕೆರೆಯ ನೀರುಣ್ಣುವ ಜಮೀನಿನ, ಕಟ್ಟಕಡೆಯ ಗದ್ದೆಗೂ ಸರದಿಯಂತೆ ನೀರು ಮುಟ್ಟಿಸುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು ಎಲ್ಲ ಅವನದೇ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ ಶಾಸನಗಳಲ್ಲಿ ಬರುವ ಕಟ್ಟುಕೊಡಗೆ, ಬಿತ್ತುವಟ್ಟ ಎಲ್ಲವೂ ಕೆರೆಯ ಯೋಗಕ್ಷೇಮಕ್ಕೆ ಬಿಟ್ಟ ದತ್ತಿಗಳೇ. ಹೂಳು ಹೊರುವ ಬಂಡಿಯ ಖರ್ಚಿಗೆಂದೇ ಭೂಮಿ ಬಿಟ್ಟವರೂ ಇದ್ದರು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ರದ್ದಾಗಲೇಬೇಕಿತ್ತು. ನೀರುಗಂಟಿಗಳಲ್ಲಿ ಬಹಳಷ್ಟು ಜನ ದಲಿತರು, ಊರಿಗೆಲ್ಲ ನೀರು ಹಂಚಿದವರಿಗೆ ಊರೊಳಗಿನ ಬಾವಿ ಮುಟ್ಟುವ ಹಕ್ಕಿರಲಿಲ್ಲ. ಹಳೆಯ ವ್ಯವಸ್ಥೆಯನ್ನು ಹಾಗೇ ಮರಳಿ ತರೋಣ ಎನ್ನುವವರು ಇದನ್ನು ಮರೆಯಬಾರದು. ಆದರೆ ಹುದ್ದೆಯ ಜೊತೆಗೆ ಕೆಲಸವೂ ಕೈಬಿಟ್ಟು ಹೋಯಿತು. ಇವತ್ತು ಕೆರೆಗೆ ಬೇಕಾದ ಸ್ವಯಂಸೇವಕರು ಆ ಕೆಲಸವನ್ನು ಜಾತಿಯ ಹಂಗಿಲ್ಲದೆ ಸರದಿ ಹಾಕಿಕೊಂಡು ಮಾಡುವವರು. ಹಾರೆ ಗುದ್ದಲಿ ಹಿಡಿದು ಒಂದು ದಿನ ಶ್ರಮದಾನಕ್ಕೆ ಬಂದು ಹೋಗುವವರಿಗೆ ನಮಸ್ಕಾರ, ಆದರೆ ಕೆರೆಯ ನಿತ್ಯದ ಸಂಸಾರ ಅವರಿಂದ ನಡೆಯುವುದಿಲ್ಲ.

ಬಕೆಟ್ಟಿನ ಲೆಕ್ಕ

ತುಮಕೂರು ಕಡೆಯ ಒಂದು ಕೆರೆ. ಜನವರಿಯ ಬೆಳಗ್ಗೆ, ಏರಿಯ ಹಿಂಬದಿಯಲ್ಲಿ ತೂಬಿನ ಕಾಲುವೆ ಶುರುವಾಗುವ ಜಾಗ. ಗದ್ದೆ ಕುಯ್ಲಾಗಿ ಕೂಳೆ ಒಣಗಿ ನಿಂತಿದೆ. ತೂಬು ಇಳಿಸಿದ್ದಾರೆ, ಆದರೂ ಕಲ್ಲಿನ ಬಾಯಿಂದ ಹೆಬ್ಬೆರಳು ಗಾತ್ರದ ನೀರಿನ ಎಳೆ ಸದ್ದಿಲ್ಲದೆ ಹರಿಯುತ್ತಲೇ ಇದೆ. ಬೇಸಿಗೆಯಲ್ಲಿ ಹೂಳೆತ್ತಿಸಬೇಕು ಎಂದು ಓಡಾಡುತ್ತಿದ್ದ ಇಬ್ಬರು ಹುಡುಗರು, ಹಿಂದೆ ನೀರುಗಂಟಿಕೆ ಮಾಡುತ್ತಿದ್ದ ಮನೆಯ ಒಬ್ಬ ಮುದುಕರು ಅಲ್ಲಿ ನಿಂತಿದ್ದಾರೆ.

"ಸೋರಿದ್ರೆ ಏನಾಯ್ತದೆ ತಾತ, ಗದ್ದೆಗೇ ತಾನೆ ಹೋಗೋದು?"

"ಈಗ ಗದ್ದೇಲಿ ಏನೈತೆ ಮಗ? ಕುಯ್ಲಾಗಿ ತಿಂಗಳಾತು. ಆ ಬಕೀಟು ಹಿಡಿ ಇತ್ಲಾಗೆ."

ಹತ್ತು ಲೀಟರಿನ ಬಕೆಟ್ಟು ಹಿಡಿದರು. ಮೊಬೈಲಿನಲ್ಲಿ ಹತ್ತು ಸೆಕೆಂಡ್ ಆಗುವಷ್ಟರಲ್ಲಿ ತುಂಬಿತು. ಎರಡನೇ ಸಲವೂ ಅಷ್ಟೇ.

ಸೆಕೆಂಡಿಗೆ ಒಂದು ಲೀಟರು. ದಿನಕ್ಕೆ 86,400 ಲೀಟರು. ಈಗ ಹೂಳಿನ ಕಡೆಯಿಂದ ನೋಡೋಣ. ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಅಡಿ ಹೂಳು ತೆಗೆದರೆ ಸಿಗುವ ಜಾಗ ಸುಮಾರು 1,233 ಘನ ಮೀಟರ್, ಅಂದರೆ 12 ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು ನೀರು. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬುತ್ತದೆ. ಟ್ರ್ಯಾಕ್ಟರ್ ಟ್ರೇಲರಿಗೆ ಸುಮಾರು 3 ಘನ ಮೀಟರ್ ಹಿಡಿಯುತ್ತದೆ ಎಂದುಕೊಂಡರೆ ಅದಕ್ಕೆ 500ಕ್ಕೂ ಹೆಚ್ಚು ಲೋಡು ಹೊಡೆಯಬೇಕು. ಆ ಐನೂರು ಲೋಡಿನಿಂದ ದಕ್ಕಿದ ನೀರನ್ನು ಹೆಬ್ಬೆರಳು ಗಾತ್ರದ ಆ ಸೋರಿಕೆ ಹದಿನಾಲ್ಕು ಹದಿನೈದು ದಿನದಲ್ಲಿ ಖಾಲಿ ಮಾಡುತ್ತದೆ. ತೂಬು ಸೋರುತ್ತಿರುವಾಗ ಹೂಳೆತ್ತುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಹೂಳೆತ್ತಲು ಹೊರಟ ಯಾರೇ ಆಗಲಿ, ಮೊದಲು ಈ ಬಕೆಟ್ಟು ಹಿಡಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೂಬಿನ ರಿಪೇರಿಗೆ ದೊಡ್ಡ ಹಣ ಬೇಕಿಲ್ಲ, ಬೇಕಿರುವುದು ಸರಿಯಾದ ಸಮಯ. ಏಪ್ರಿಲಿನಲ್ಲಿ ನೀರು ತೂಬಿನ ಬಾಯಿಗಿಂತ ಕೆಳಗಿಳಿದಾಗ ಒಳಬಾಯಿಯ ಮುಂದಿನ ಕೆಸರು ಕೈಯಿಂದಲೇ ತೆಗೆದು ನೋಡಬೇಕು. ಹಳೆಯ ಕಲ್ಲುತೂಬಾದರೆ ಮರದ ಬಿರಡೆ ಸವೆದಿರುತ್ತದೆ, ಇಲ್ಲವೇ ಅದು ಕೂರುವ ಕಲ್ಲಿನ ತೂತಿನ ಅಂಚು ಒಡೆದಿರುತ್ತದೆ. ಬಿರಡೆ ಹೊಸದಾಗಿ ಮಾಡಿಸುವಾಗ ತೂತಿನ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಬಡಗಿಗೆ ಕೊಟ್ಟರೆ ಒಳ್ಳೆಯದು, ಯಾಕೆಂದರೆ ಹಳೆಯ ತೂತುಗಳು ಸರಿಯಾದ ದುಂಡಗಿರುವುದಿಲ್ಲ. ತಿರುಪಿನ ಗೇಟಾದರೆ ರಾಡು ಬಗ್ಗಿದೆಯೇ, ರಬ್ಬರು ಹರಿದಿದೆಯೇ, ಕೆಳಗಿನ ಹೊಸ್ತಿಲಿನಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ ನೋಡಬೇಕು. ಬಹಳ ಸಲ ಗೇಟು ಪೂರ್ತಿ ಕೂರದಿರುವುದು ಒಂದು ಮುಷ್ಟಿ ಗಾತ್ರದ ಕಲ್ಲಿನಿಂದ. ಗೇಟು ಬಿಗಿಯಾದರೆ ಹಾರೆ ಹಾಕಿ ಮೀಟಿ ತಿರುಗಿಸುವವರಿದ್ದಾರೆ, ರಾಡು ಬಗ್ಗುವುದೇ ಹಾಗೆ. ವರ್ಷಕ್ಕೆ ಎರಡು ಸಲ ಗ್ರೀಸು ಹಚ್ಚಿದರೆ ಹಾರೆ ಬೇಕಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸೋರಿಕೆ ತೂಬಿನ ಬಾಯಿಂದ ಬರುತ್ತಿದೆಯೋ ತೂಬಿನ ಪಕ್ಕದ ಮಣ್ಣಿನಿಂದ ಬರುತ್ತಿದೆಯೋ ನೋಡಬೇಕು. ತಿಳಿನೀರು ಬಂದರೆ ಸಾವಧಾನವಾಗಿ ಸರಿಮಾಡಬಹುದು. ಏರಿಯ ಹಿಂಬದಿಯಲ್ಲಿ ಕೆಂಪಗೆ ಕದಡಿದ ನೀರು ಜಿನುಗುತ್ತಿದ್ದರೆ ಏರಿಯ ಒಳಗಿನ ಮಣ್ಣು ನೀರಿನ ಜೊತೆ ಬರುತ್ತಿದೆ ಎಂದೇ ಅರ್ಥ. ಅದನ್ನು ಊರಿನವರು ಗೋಣಿಚೀಲ ತುರುಕಿ ಸರಿಮಾಡುವ ಕೆಲಸವಲ್ಲ. ಅವತ್ತೇ ಪಂಚಾಯಿತಿಗೂ ಎಂಜಿನಿಯರಿಗೂ ತಿಳಿಸಿ ನೀರಿನ ಮಟ್ಟ ಇಳಿಸಬೇಕು.

ಎಷ್ಟು ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು

ಅನುಮತಿಯ ವಿಷಯ ಗೊತ್ತಿರುವುದೇ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯಿತಿ ವ್ಯವಸ್ಥೆ. ಗಡಿ ಸರ್ವೆ ಮಾಡಿಸಿ ಕಲ್ಲು ನೆಡಿಸದೆ ಯಂತ್ರ ಇಳಿಸಿದರೆ ಮೊದಲ ದಿನವೇ ಜಗಳ, ಇಷ್ಟು ಹೇಳಿದರೆ ಸಾಕು.

ಯಂತ್ರ ತರುವ ಮೊದಲು ಕೆರೆಯಂಗಳದ ನಾಲ್ಕೈದು ಕಡೆ ಆಳೆತ್ತರದ ಪರೀಕ್ಷಾ ಗುಂಡಿ ತೆಗೆಯಬೇಕು. ಮೇಲಿನ ಕಪ್ಪು ಮೆದು ಗೋಡು, ಅಂದರೆ ಹೂಳು ಮಣ್ಣು, ಎಲ್ಲಿಗೆ ಮುಗಿಯುತ್ತದೆ, ಅದರ ಕೆಳಗೆ ಅಂಟು ಜೇಡಿ ಎಷ್ಟು ದಪ್ಪವಿದೆ, ಗರಸು ಎಲ್ಲಿ ಶುರುವಾಗುತ್ತದೆ, ಗುಂಡಿಯ ಗೋಡೆಯಲ್ಲೇ ಬಣ್ಣ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಅಗೆತ ಗೋಡಿನಲ್ಲೇ ನಿಲ್ಲಬೇಕು. ಜೇಡಿಯ ಪದರ ಒಡೆದು ಗರಸು ಕಂಡರೆ ಕೆರೆ ನೀರು ಹಿಡಿಯುವುದಿಲ್ಲ. ಸುತ್ತಲ ಕೊಳವೆಬಾವಿಗಳಿಗೆ ಅದರಿಂದ ಲಾಭವಾಗಬಹುದು, ಆದರೆ ತೂಬಿನ ನೀರು ನಂಬಿದ ಗದ್ದೆಯವರಿಗೆ ಅದು ಅನ್ಯಾಯ. ಯಾರಿಗಾಗಿ ಕೆರೆ ಎಂಬುದನ್ನು ಊರು ಕೂತು ಮಾತಾಡದೆ ಹಿಟಾಚಿ ಓಡಿಸುವವನ ತೀರ್ಮಾನಕ್ಕೆ ಬಿಟ್ಟಂತಾಗುತ್ತದೆ.

ಇನ್ನೊಂದು ಗೆರೆ ತೂಬಿನ ಹೊಸ್ತಿಲು. ಅದಕ್ಕಿಂತ ಕೆಳಗೆ ತೋಡಿದ ಆಳದಲ್ಲಿ ನಿಂತ ನೀರು ಕಾಲುವೆಗೆ ಹರಿಯುವುದಿಲ್ಲ. ದನಕರುಗಳಿಗೆ, ಮೀನಿಗೆ, ಅಂತರ್ಜಲಕ್ಕೆ ಅದು ಬೇಕು ಎಂದರೆ ಒಂದು ಭಾಗದಲ್ಲಿ ಮಾಡಬಹುದು, ಇಡೀ ಕೆರೆಯನ್ನು ಹಾಗೆ ತೋಡಿದರೆ ಅಚ್ಚುಕಟ್ಟಿಗೆ ದಕ್ಕುವುದು ಏನೂ ಇಲ್ಲ. ಏರಿಯ ಒಳಬುಡದಿಂದ ಕನಿಷ್ಠ 10 ಮೀಟರ್ ಜಾಗವನ್ನು ಮುಟ್ಟಬಾರದು, ಏರಿ ಎತ್ತರವಿದ್ದಷ್ಟೂ ಇನ್ನೂ ಹೆಚ್ಚು ಬಿಡಬೇಕು. ಒಳ್ಳೆಯ ನುಣುಪು ಗೋಡು ಸಿಗುವುದೂ ಏರಿಯ ಹತ್ತಿರವೇ, ಆಸೆಯಾಗುವುದೂ ಅಲ್ಲೇ. ಬುಡ ಕಳೆದುಕೊಂಡ ಏರಿ ಒಳಗಡೆ ಜಾರುತ್ತದೆ. ಗುಂಡಿ ಗುಂಡಿಯಾಗಿ ತೋಡದೆ ತೂಬಿನ ಕಡೆಗೆ ಇಳಿಜಾರಾಗಿ ಹೆರೆಯಬೇಕು. ನೀರು ತುಂಬಿದ ಮೇಲೆ ಗುಂಡಿ ಎಲ್ಲಿದೆ ಎಂದು ಈಜಲಿಳಿಯುವ ಮಗುವಿಗೆ ಗೊತ್ತಾಗುವುದಿಲ್ಲ. ಪ್ರತಿ ಬೇಸಿಗೆಯ ಕೊನೆಗೆ ಇಂಥ ಸಾವಿನ ಸುದ್ದಿ ಬರುತ್ತಲೇ ಇರುತ್ತದೆ, ಮೇಲ್ಮಣ್ಣಿಗಾಗಿ ಅಡ್ಡಾದಿಡ್ಡಿ ತೋಡಿದ ಗುಂಡಿಗಳಲ್ಲೇ ಹಲವು.

ದಿನದ ಲೆಕ್ಕವನ್ನೂ ಮೊದಲೇ ಹಾಕಬೇಕು. ಒಂದು ಟ್ರ್ಯಾಕ್ಟರು ತುಂಬಲು, ಗಾಡಿ ಹಿಂದೆ ಮುಂದೆ ತಿರುಗಿಸುವುದೂ ಸೇರಿ, ನಾಲ್ಕು ನಿಮಿಷ. ಒಂದು ಕಿಲೋಮೀಟರ್ ದೂರದ ಹೊಲಕ್ಕೆ ಹೋಗಿ ಸುರಿದು ಬರಲು ಇಪ್ಪತ್ನಾಲ್ಕು ನಿಮಿಷ ಎಂದಿಟ್ಟುಕೊಳ್ಳಿ. ಹಾಗಾದರೆ ಒಂದು ಯಂತ್ರಕ್ಕೆ ಏಳು ಟ್ರ್ಯಾಕ್ಟರು ಬೇಕು. ಐದೇ ಬಂದರೆ ಹಿಟಾಚಿ ಗಂಟೆಗೆ ಹದಿನೇಳು ನಿಮಿಷ ಸುಮ್ಮನೆ ನಿಲ್ಲುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಮೂರು ಕಿಲೋಮೀಟರ್ ದೂರದ ಹೊಲವಾದರೆ ಹನ್ನೆರಡು ಟ್ರ್ಯಾಕ್ಟರೂ ಸಾಲದು. ಅದಕ್ಕೇ ಒಂದು ದಿಕ್ಕಿನ ಹೊಲದವರನ್ನೆಲ್ಲ ಒಂದೇ ದಿನಕ್ಕೆ ಗೊತ್ತುಮಾಡುವುದು. ಎಲ್ಲ ಸರಿಯಾಗಿ ನಡೆದರೆ ಗಂಟೆಗೆ ಹದಿನೈದು ಲೋಡು, ಎಂಟು ಗಂಟೆಗೆ 120. ಹತ್ತು ಎಕರೆಯಲ್ಲಿ ಎರಡು ಅಡಿ ತೆಗೆಯಲು ಹತ್ತು ಸಾವಿರಕ್ಕೂ ಹೆಚ್ಚು ಲೋಡು ಬೇಕು, ಅಂದರೆ ಒಂದು ಯಂತ್ರಕ್ಕೆ ಎಂಬತ್ತೈದು ದಿನ. ಕೆರೆಯಂಗಳ ಯಂತ್ರ ಇಳಿಯುವಷ್ಟು ಒಣಗುವುದು ಮಾರ್ಚ್ ಹೊತ್ತಿಗೆ, ಮೇ ನಡುವೆ ಮಳೆ ಹಿಡಿಯುತ್ತದೆ. ಒಂದು ಬೇಸಿಗೆಯಲ್ಲಿ ಇಡೀ ಕೆರೆ ಎಂದು ಮಾತು ಕೊಟ್ಟ ಸಮಿತಿಗಳು ಅರ್ಧಕ್ಕೆ ಸೋತು ಚದುರುತ್ತವೆ. ಮೂರು ನಾಲ್ಕು ಬೇಸಿಗೆಗೆ ಭಾಗ ಮಾಡಿಕೊಂಡವರಿಗೆ ಮುಂದಿನ ವರ್ಷವೂ ಸೇರಲು ಒಂದು ಕಾರಣ ಇರುತ್ತದೆ.

ಗೋಡು ಯಾರ ಹೊಲಕ್ಕೆ

ಊರಿನ ಬದುಕಿಗೆ ಹೂಳು ತಟ್ಟನೆ ಲಾಭವಾಗಿ ಕಾಣುವುದು ಹೊಲದಲ್ಲಿ. ಒಂದು ಎಕರೆ ಹೊಲಕ್ಕೆ ಒಂದು ಇಂಚು ಗೋಡು ಹರಡಲು ಸುಮಾರು 35 ಲೋಡು ಬೇಕು. ಮರಳು ಮಿಶ್ರಿತ ಕೆಂಪು ನೆಲಕ್ಕೆ ಇದು ಅಮೃತ. ಮಳೆ ನಡುವೆ ಕೈಕೊಟ್ಟಾಗ ರಾಗಿ, ಕಡಲೆಕಾಯಿ ಪೈರು ಇನ್ನೂ ಕೆಲವು ದಿನ ತಡೆದುಕೊಳ್ಳುತ್ತದೆ, ಗೊಬ್ಬರ ಬಸಿದು ಹೋಗುವುದು ಕಡಿಮೆಯಾಗುತ್ತದೆ. ಎರೆ ಭೂಮಿಗೆ ಹಾಕಬಾರದು, ಅಲ್ಲಿ ಅಂಟು ಮೊದಲೇ ಹೆಚ್ಚು. ಕೆರೆಯ ಎಲ್ಲ ಹೂಳೂ ಒಂದೇ ಅಲ್ಲ: ಹಳ್ಳ ಬಂದು ಸೇರುವ ತುದಿಯಲ್ಲಿ ದಪ್ಪ ಮರಳು, ಏರಿಯ ಕಡೆ ಬಂದಂತೆಲ್ಲ ನುಣುಪು ಮಣ್ಣು. ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಚೌಳು ಇದೆ ಎಂದರ್ಥ, ಊರಿನ ಕೊಳಚೆ ಬಂದು ಸೇರುವ ಕೆರೆಯಾದರೆ ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಒಯ್ಯಲೇಬಾರದು. ಒಯ್ದ ಗೋಡನ್ನು ಸಣ್ಣ ಸಣ್ಣ ಗುಡ್ಡೆ ಮಾಡಿ ಬಿಸಿಲಿಗೆ ಬಿಡಬೇಕು. ಹೆಂಟೆ ಒಣಗಿ ಬಿರಿದು, ಮೊದಲ ಮಳೆಗೆ ತಾನೇ ಉದುರಾಗುತ್ತದೆ. ಆಗ ಹರಡಿ ಉತ್ತರೆ ಸರಿ. ಹಸಿ ಗೋಡನ್ನೇ ಹರಡಿದವರ ಹೊಲದಲ್ಲಿ ಹೆಂಟೆ ಆ ವರ್ಷವಿಡೀ ಕಲ್ಲಿನಂತೆ ಉಳಿಯುತ್ತದೆ. ಕೊನ್ನಾರಿ ಗಡ್ಡೆಯೂ ಗೋಡಿನ ಜೊತೆ ಬರುತ್ತದೆ, ಮೊದಲ ವರ್ಷ ಕಳೆ ಹೆಚ್ಚು ಎಂದು ರೈತರಿಗೆ ಮೊದಲೇ ಹೇಳಿಬಿಡುವುದು ಪ್ರಾಮಾಣಿಕತನ.

ಸಾಮಾನ್ಯವಾಗಿ ಯಂತ್ರದ ಬಾಡಿಗೆ ಊರ ವಂತಿಗೆಯಿಂದ, ಸಾಗಾಟದ ಖರ್ಚು ಹೊಲದವರಿಂದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಟ್ರ್ಯಾಕ್ಟರ್ ಇದ್ದವರು, ಕೆರೆ ಪಕ್ಕದಲ್ಲೇ ಹೊಲ ಇದ್ದವರು ಮೊದಲ ವಾರದಲ್ಲೇ ತುಂಬಿಕೊಂಡು ಬಿಡುತ್ತಾರೆ. ಅದು ಕಣ್ಣಿಗೆ ಕಾಣಬೇಕಾದರೆ ಚೀಟಿ ಪುಸ್ತಕ ಇರಬೇಕು.

ಒಂದು ಸಂಜೆ ನೆನಪಾಗುತ್ತದೆ. ಅರಳಿಕಟ್ಟೆ, ಕೆಲಸ ಶುರುವಾಗಿ ಆರನೇ ದಿನ. ಲೆಕ್ಕ ಬರೆಯುವುದು ಡಿಗ್ರಿ ಓದುವ ಒಬ್ಬ ಹುಡುಗಿ. ಪ್ರತಿ ಲೋಡಿಗೂ ಎರಡು ಹಾಳೆಯ ಚೀಟಿ: ದಿನ, ಟ್ರ್ಯಾಕ್ಟರ್ ನಂಬರು, ರೈತರ ಹೆಸರು, ಹೊಲದ ಸರ್ವೆ ನಂಬರು. ಒಂದು ಹಾಳೆ ಡ್ರೈವರಿಗೆ, ಒಂದು ಪುಸ್ತಕದಲ್ಲಿ. ಹಿಟಾಚಿಯ ಮೀಟರು ಬೆಳಗ್ಗೆ ಎಷ್ಟಿತ್ತು, ಸಂಜೆ ಎಷ್ಟಾಯಿತು ಎಂಬುದಕ್ಕೆ ಬೇರೆ ಪುಟ, ಊಟದ ಹೊತ್ತಿಗೆ ನಿಲ್ಲಿಸಿದ ಸಮಯವೂ ಅಲ್ಲೇ. ಆಗ ಹೆಂಗಸರ ಗುಂಪಿನಿಂದ ಒಬ್ಬರು ಎದ್ದು ನಿಂತರು.

"ದೊಡ್ಡೋರ ಹೊಲಕ್ಕೆ ಎಲ್ಲಾ ಹೋತಲ್ಲಣ್ಣ. ನಂದು ಒಂದೆಕ್ರೆ ಐತೆ. ಟ್ರ್ಯಾಕ್ಟ್ರು ಬಾಡಿಗೆಗೆ ನನ್ ತಾವ ದುಡ್ಡಿಲ್ಲ. ಕೆರೆ ಊರಿಂದಲ್ವಾ?"

ಯಾರೂ ಮಾತಾಡಲಿಲ್ಲ. ಹುಡುಗಿ ಪುಸ್ತಕ ತಿರುವಿ ಗಟ್ಟಿಯಾಗಿ ಓದಿದಳು. ಆರು ದಿನಕ್ಕೆ 640 ಲೋಡು, ಅದರಲ್ಲಿ 410 ನಾಲ್ಕೇ ಮನೆಗೆ. ಆ ನಾಲ್ವರೂ ಅಲ್ಲೇ ಕೂತಿದ್ದರು. ಅವರದೇನೂ ಕಳ್ಳತನವಲ್ಲ, ಟ್ರ್ಯಾಕ್ಟರ್ ಇತ್ತು, ಹೊಡೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವರಲ್ಲೇ ಒಬ್ಬರು, "ಆತು ಕಣಮ್ಮ, ನಾಳೆಯಿಂದ ನಮ್ಮ ಕಡೆ ನಿಲ್ಸನ" ಎಂದರು. ಅವತ್ತು ಎರಡು ನಿಯಮ ಆದವು. ಮನೆಗೆ 35 ಲೋಡು ಮುಗಿದ ಮೇಲೆ, ಉಳಿದವರ ಸರದಿ ಪೂರ್ತಿಯಾಗುವವರೆಗೆ ಮತ್ತೆ ಕೇಳುವಂತಿಲ್ಲ. ಏಳೂ ಟ್ರ್ಯಾಕ್ಟರಿನವರು ದಿನದ ಕೊನೆಯ ಲೋಡನ್ನು ಬಾಡಿಗೆ ಕೊಡಲಾಗದವರ ಹೊಲಕ್ಕೆ ಹಾಕಬೇಕು, ಅದರ ಡೀಸೆಲ್ ಊರಿನ ಲೆಕ್ಕಕ್ಕೆ. ದಿನಕ್ಕೆ ಏಳು ಲೋಡು, ಐದು ದಿನಕ್ಕೆ 35. ಐದೈದು ದಿನಕ್ಕೆ ಒಬ್ಬೊಬ್ಬರ ಒಂದು ಎಕರೆ.

ಊರನ್ನು ಕಟ್ಟುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಪುಸ್ತಕ ಓದಿದ ದನಿ. ಲೆಕ್ಕ ಬರೆಯುವ ಸ್ವಯಂಸೇವಕರಿಗೆ ಬೋರ್ಡಿನಲ್ಲಿ ಹೆಸರು ಸಿಗುವುದು ಅಪರೂಪ. ಆದರೆ ಮುಂದಿನ ವರ್ಷ ವಂತಿಗೆ ಕೊಡಬೇಕೋ ಬೇಡವೋ ಎಂದು ಜನ ತೀರ್ಮಾನಿಸುವುದು ಅವರು ಬರೆದದ್ದರ ಮೇಲೆ. ಗೋಡನ್ನು ಇಟ್ಟಿಗೆ ಗೂಡಿಗೆ ಮಾರುವಂತಿಲ್ಲ ಎಂಬ ಮಾತನ್ನು ಪಂಚಾಯಿತಿ ಅನುಮತಿ ಪತ್ರದಲ್ಲೇ ಬರೆಸಿಕೊಳ್ಳುವುದೂ, ಸರ್ವೆ ನಂಬರಿಲ್ಲದ ಚೀಟಿ ಹರಿಯದಿರುವುದೂ ಇದೇ ಕಾರಣಕ್ಕೆ.

ನೀರು ಬರುವ ದಾರಿ

ಹೂಳು ಮತ್ತೆ ಎಲ್ಲಿಂದ ಬರುತ್ತದೆ ಎಂದು ನೋಡಲು ಕೆರೆಗೆ ಬೆನ್ನು ಮಾಡಿ ಹಳ್ಳದ ಗುಂಟ ಮೇಲಕ್ಕೆ ನಡೆಯಬೇಕು. ಗ್ರಾಮ ನಕಾಶೆ ಕೈಯಲ್ಲಿರಲಿ. ನಕಾಶೆಯಲ್ಲಿ ಇರುವ ಕಾಲುವೆ ನೆಲದ ಮೇಲೆ ಒಂದು ಕಡೆ ಉತ್ತ ಹೊಲವಾಗಿರುತ್ತದೆ, ಇನ್ನೊಂದು ಕಡೆ ಹೊಸ ರಸ್ತೆಗೆ ಮೋರಿ ಇಡದೆ ಮಣ್ಣು ತುಂಬಿರುತ್ತಾರೆ, ಮತ್ತೊಂದು ಕಡೆ ಮೋರಿಯ ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ನೀರು ಬಾರದ ಕೆರೆಗೆ ಎಷ್ಟು ಆಳವಿದ್ದರೇನು? ಮಣ್ಣು ಹೊತ್ತು ಬರುವ ಹಳ್ಳಕ್ಕೆ ಕೆರೆ ಸೇರುವ ಮೊದಲು ಒಂದು ಹೂಳು ಗುಂಡಿ ತೋಡಿದರೆ ದಪ್ಪ ಮರಳು ಅಲ್ಲೇ ಕೂರುತ್ತದೆ. ಆದರೆ ಆ ಗುಂಡಿ ತುಂಬುವುದು ಒಂದೆರಡು ದೊಡ್ಡ ಮಳೆಗೆ. ಪ್ರತಿ ವರ್ಷ ಬರಿದು ಮಾಡದಿದ್ದರೆ ಅದು ಇದ್ದೂ ಇಲ್ಲದಂತೆ. ಜಾಲಿಯ ಕತೆಯೂ ಹೀಗೆಯೇ. ಕಡಿದರೆ ಬುಡದಿಂದ ನಾಲ್ಕು ಚಿಗುರು, ಬೇರು ಸಮೇತ ಕಿತ್ತು ಮುಂದಿನ ವರ್ಷ ಸಸಿಗಳನ್ನೂ ಕೀಳಬೇಕು.

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯ ವಿಷಯದಲ್ಲಿ ಮಾತ್ರ ಯಾರ ಮುಲಾಜಿಗೂ ಬಗ್ಗಬಾರದು. ಹೆಚ್ಚು ನೀರು ನಿಲ್ಲಲಿ ಎಂದು ಮರಳಿನ ಚೀಲ ಇಟ್ಟು ಕೋಡಿ ಎತ್ತರಿಸುವವರು ಪ್ರತಿ ಊರಲ್ಲೂ ಇದ್ದಾರೆ, ಸದುದ್ದೇಶದಿಂದಲೇ ಮಾಡುತ್ತಾರೆ. ಕೋಡಿಗೂ ಏರಿಯ ನೆತ್ತಿಗೂ ನಡುವೆ ಇರುವ ಅಂತರ ದೊಡ್ಡ ಮಳೆಗೆಂದು ಬಿಟ್ಟ ಜಾಗ. ಅದನ್ನು ತುಂಬಿಸಿದರೆ ನೀರು ಏರಿ ಹತ್ತಿ ಇಳಿಯುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದಿಲ್ಲ. ಮೀನು ಹಿಡಿಯುವ ಗುತ್ತಿಗೆಯವರು ಕೋಡಿಗೆ ಒತ್ತಾಗಿ ಬಲೆ ಕಟ್ಟಿದಾಗಲೂ ಕಸ ಸಿಕ್ಕಿ ಇದೇ ಆಗುತ್ತದೆ. ಬಲೆಯನ್ನು ದಿನಾ ಸ್ವಚ್ಛ ಮಾಡುವುದು ಅವರ ಜವಾಬ್ದಾರಿ ಎಂದು ಹರಾಜಿನ ದಿನವೇ ಹೇಳಿಟ್ಟರೆ ಜಗಳ ತಪ್ಪುತ್ತದೆ.

ಹಾಗಾಗಿ ಮೇ ಕೊನೆಯ ವಾರದಲ್ಲಿ ಊರಿನ ಕೆರೆಗೆ ಬೇಕಾದದ್ದು ಇಷ್ಟು: ತೂಬಿನ ತಿರುಪಿಗೆ ಗ್ರೀಸು, ಹೂಳು ಗುಂಡಿ ಬರಿದು ಮಾಡಲು ಎರಡು ದಿನದ ಕೆಲಸ, ಏರಿ ಮೇಲೆ ನಡೆದು ಹೆಗ್ಗಣದ ಬಿಲ ಗುರುತು ಹಾಕಿ ಅಗೆದು ಅಂಟುಮಣ್ಣು ತುಂಬಿ ದಮ್ಮಸು ಮಾಡುವವರು ಇಬ್ಬರು, ಪಂಚಾಯಿತಿ ಕೋಣೆಯಲ್ಲಿ ಐವತ್ತು ಖಾಲಿ ಚೀಲ, ಎರಡು ಟಾರ್ಚು. ಮತ್ತು ಒಂದು ಪಟ್ಟಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಜೋರು ಮಳೆ ಬಂದ ರಾತ್ರಿ ಯಾವ ವಾರ ಯಾರಿಬ್ಬರು ಮೋರಿಯ ಬಾಯಿ ನೋಡಿ ಬರಬೇಕು ಎಂದು. ಇಪ್ಪತ್ತೆರಡು ವಾರ, ವಾರಕ್ಕೆ ಇಬ್ಬರು. ಹನ್ನೊಂದು ಜೋಡಿ ಸಿಕ್ಕರೆ ಒಬ್ಬೊಬ್ಬರಿಗೂ ಮಳೆಗಾಲದಲ್ಲಿ ಎರಡು ವಾರ ಮಾತ್ರ ಬರುತ್ತದೆ. ಪಟ್ಟಿಯನ್ನು ಹಾಲಿನ ಡೈರಿಯ ಗೋಡೆಗೆ ಅಂಟಿಸಬೇಕು, ಅಲ್ಲಿಗೆ ಬೆಳಗ್ಗೆ ಸಂಜೆ ಎಲ್ಲರೂ ಬಂದೇ ಬರುತ್ತಾರೆ.